ಬುತ್ತಿ ಕಟ್ಟಿಕೊಂಡು ಹೊರಟ ಪ್ರೋಗ್ರಾಂ



ನಮ್ಮ ಧಾರವಾಡ ಸೀಮೆಯಲ್ಲಿ ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿರಲಿ, ಧವಳಗಿರಿಯ ಎಸ್‌ಡಿಎಂ ಕಾಲೇಜಿರಲಿ, ಚಿಕ್ಕಮಲ್ಲಿಗವಾಡದ ಐಐಟಿ ಇರಲಿ, ಲಿನಕ್ಸ್ ಯಂತ್ರದ ಮುಂದೆ ಕೂತು ಸಿ ಭಾಷೆ ಕಲಿಯುವವರಿಗೆ ಬಹಳ ಬೇಗ ಪರಿಚಯವಾಗುವ ಸಾಲೊಂದಿದೆ: ‘ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್’. ಈ ಸಾಲು ಕಂಡ ಕೂಡಲೇ "ಸರ, ಡಂಪ್ ಆತ್ರಿ" ಅಂತ ಕೈ ಎತ್ತುತ್ತಾರೆ. ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕಿತು, ಆಪರೇಟಿಂಗ್ ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸಿತು; ನಿಲ್ಲಿಸುವಾಗ ಅದರ ಮೆಮೊರಿಯಲ್ಲಿ ಏನೇನಿತ್ತೋ ಅಷ್ಟನ್ನೂ ಒಂದು ಫೈಲಿಗೆ ಸುರಿದಿಟ್ಟಿತು. ಆ ಫೈಲನ್ನು ಡಿಬಗ್ಗರ್‌ನಲ್ಲಿ ತೆರೆದು, ಕೊನೆಯ ಗಳಿಗೆಯಲ್ಲಿ ಯಾವ ವೇರಿಯೇಬಲ್ಲಿಗೆ ಯಾವ ಬೆಲೆ ಇತ್ತು ಎಂದು ನೋಡಬಹುದು. ಹೆಚ್ಚಿನವರು ನೋಡುವುದಿಲ್ಲ, ಅಳಿಸಿ ಮುಂದೆ ಹೋಗುತ್ತಾರೆ.

ಇವತ್ತಿನ ಮಾತು ಈ ಕೆಲಸದ ಮಗ್ಗುಲಲ್ಲೇ ಇರುವ ಇನ್ನೊಂದು ಕೆಲಸದ ಬಗ್ಗೆ. ಸತ್ತ ಪ್ರೋಗ್ರಾಮಿನ ಮೆಮೊರಿಯನ್ನು ಫೈಲಿಗೆ ಹಾಕುವುದು ಸಾಧ್ಯವಾದರೆ, ಜೀವಂತವಾಗಿ ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯನ್ನೂ ಹಾಕಬಹುದಲ್ಲ? ಹಾಗೆ ಹಾಕಿದ್ದನ್ನು ಸುಮ್ಮನೆ ನೋಡುವ ಫೈಲಾಗಿ ಇಡದೆ, ಮತ್ತೆ ಓಡಿಸಬಹುದಾದ ಹೊಸ ಪ್ರೋಗ್ರಾಮನ್ನಾಗಿಯೇ ಮಾಡಿಬಿಟ್ಟರೆ? ಕೇಳಲು ಹುಡುಗಾಟದಂತೆ ಕಾಣುವ ಈ ಉಪಾಯದ ಮೇಲೆ ಜಗತ್ತಿನ ಒಂದು ಪ್ರಖ್ಯಾತ ತಂತ್ರಾಂಶ ಸುಮಾರು ನಾಲ್ಕು ದಶಕ ನಿಂತಿತ್ತು. ಅದರ ಹೊಟ್ಟೆಯಲ್ಲಿ ನಮ್ಮ ಕನ್ನಡವೂ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಡಿಸ್ಕಿನಲ್ಲಿ ಮಲಗಿರುವ ಪ್ರೋಗ್ರಾಂ ಫೈಲಿನೊಳಗೆ ಏನಿರುತ್ತದೆ ನೋಡೋಣ. ತಲೆಯಲ್ಲಿ ಒಂದು ಹೆಡರ್: ಯಾವ ಭಾಗ ಎಲ್ಲಿಂದ ಶುರು, ಎಷ್ಟು ಉದ್ದ, ಮೆಮೊರಿಯ ಯಾವ ವಿಳಾಸದಲ್ಲಿ ಕೂರಬೇಕು ಎಂಬ ವಿವರ. ಅದರ ಕೆಳಗೆ ಯಂತ್ರ ಪಾಲಿಸಬೇಕಾದ ಆದೇಶಗಳು. ಇದಕ್ಕೆ ಟೆಕ್ಸ್ಟ್ ಎನ್ನುತ್ತಾರೆ. ಆಮೇಲೆ ಡೇಟಾ, ಅಂದರೆ ಬರೆಯುವಾಗಲೇ ಬೆಲೆ ಕೊಟ್ಟ ವೇರಿಯೇಬಲ್‌ಗಳು. ಬೆಲೆ ಕೊಡದೆ ಬಿಟ್ಟವುಗಳದು ಬಿಎಸ್‌ಎಸ್ ಎಂಬ ಭಾಗ. ಎಲ್ಲ ಸೊನ್ನೆಯೇ ಆದ್ದರಿಂದ ಫೈಲಿನಲ್ಲಿ ಅದರ ಅಳತೆಯನ್ನಷ್ಟೇ ಬರೆದಿಟ್ಟರೆ ಸಾಕು. ಪ್ರೋಗ್ರಾಂ ಓಡತೊಡಗಿದ ಮೇಲೆ ಹೀಪ್ ಎಂಬ ಜಾಗ ಬೆಳೆಯುತ್ತದೆ. ಓಡುತ್ತ ಓಡುತ್ತ ಬೇಕಾದಾಗ ಕೇಳಿ ಪಡೆಯುವ ಮೆಮೊರಿ ಅದು. ಇವಲ್ಲದೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಲೆಕ್ಕ ಇಡುವ ಸ್ಟ್ಯಾಕ್ ಒಂದು.

ಈಗ ಈಮ್ಯಾಕ್ಸ್. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ, ರಿಚರ್ಡ್ ಸ್ಟಾಲ್ಮನ್ ಅವರ ಹೆಸರಿನೊಂದಿಗೆ ಸೇರಿಕೊಂಡ ಬರವಣಿಗೆಯ ತಂತ್ರಾಂಶ. ಇಂದು ನಾವು ಬಳಸುವ ಗ್ನೂ ಈಮ್ಯಾಕ್ಸ್ ಜನರ ಕೈಗೆ ಬಂದದ್ದು 1985ರಲ್ಲಿ. ಅದರ ತಿರುಳು ಸಿ ಭಾಷೆಯಲ್ಲಿದೆ. ಆದರೆ ಬಳಸುವವರು ನಿಜವಾಗಿ ಕಾಣುವುದೆಲ್ಲ, ಅಂದರೆ ಮೆನು, ಕೀಲಿಗಳು, ಹುಡುಕಾಟ, ಭಾಷೆಗಳ ಏರ್ಪಾಡು, ಹೆಚ್ಚಾಗಿ ಲಿಸ್ಪ್ ಭಾಷೆಯಲ್ಲಿದೆ. ಇದೇ ಅದರ ಸೊಗಸು, ಇದೇ ಅದರ ಕಾಟ. ಬರಿಯ ಸಿ ತಿರುಳಿನ ಈಮ್ಯಾಕ್ಸ್‌ಗೆ ಟೆಮ್ಯಾಕ್ಸ್ ಎಂದು ಹೆಸರು. ಅದನ್ನು ನಡೆಸಿದರೆ ಅದು ಒಂದೊಂದಾಗಿ ಲಿಸ್ಪ್ ಫೈಲುಗಳನ್ನು ಓದಿ, ಅರ್ಥ ಮಾಡಿಕೊಂಡು, ಮೆಮೊರಿಯಲ್ಲಿ ಪಟ್ಟಿ ಕಟ್ಟುತ್ತ ಹೋಗಬೇಕು. ಮೆಗಾಬೈಟುಗಳನ್ನು ಬೆರಳಲ್ಲಿ ಎಣಿಸುತ್ತಿದ್ದ ವ್ಯಾಕ್ಸ್ ಯಂತ್ರಗಳ ಕಾಲ ಅದು. ಎಂಟು ಮೆಗಾಬೈಟ್ ನುಂಗಿ ಸದಾ ಡಿಸ್ಕನ್ನು ಕೆರೆಯುತ್ತಿರುವ ತಂತ್ರಾಂಶ ಎಂದು ಈಮ್ಯಾಕ್ಸ್‌ನ ಹೆಸರನ್ನೇ ಬಿಡಿಸಿ ಜನ ಗೇಲಿ ಮಾಡುತ್ತಿದ್ದರು. ಒಂದು ಪತ್ರ ಬರೆಯಲು ಕೂತವನು ಪ್ರತಿ ಸಲ ಇಷ್ಟೆಲ್ಲ ಓದಿ ಮುಗಿಯುವವರೆಗೆ ಕಾಯಬೇಕೆಂದರೆ ಯಾರು ಕೂರುತ್ತಾರೆ?

ನಮ್ಮ ಮನೆಗಳಲ್ಲಿ ಇದಕ್ಕೊಂದು ಉತ್ತರವಿದೆ, ಖಡಕ್ ರೊಟ್ಟಿ. ಜೋಳ ಬೀಸಿ, ಹಿಟ್ಟು ನಾದಿ, ಬಡಿದು, ಸುಟ್ಟು, ಒಣಗಿಸಿ ಒಮ್ಮೆ ಅಟ್ಟಿ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಊರಿಗೆ ಹೊರಟಾಗ ನಾಲ್ಕು ತೆಗೆದು ಬುತ್ತಿಗೆ ಕಟ್ಟಿಕೊಂಡರಾಯಿತು, ಒಲೆ ಹೊತ್ತಿಸುವ ಮಾತಿಲ್ಲ. ಈಮ್ಯಾಕ್ಸ್ ಕಟ್ಟುವವರೂ ಇದನ್ನೇ ಮಾಡಿದರು. ತಂತ್ರಾಂಶ ತಯಾರಿಸುವ ಯಂತ್ರದಲ್ಲಿ ಟೆಮ್ಯಾಕ್ಸನ್ನು ಒಮ್ಮೆ ಓಡಿಸಿ, ಲಿಸ್ಪ್ ಫೈಲುಗಳನ್ನೆಲ್ಲ ಓದಿಸಿ, ಮೆಮೊರಿ ತುಂಬಿ ಸಿದ್ಧವಾದ ಗಳಿಗೆಯಲ್ಲಿ ಅದನ್ನು ಅಲ್ಲಿಗೇ ತಡೆದು, ಆ ಮೆಮೊರಿಯನ್ನು ಇದ್ದ ಹಾಗೇ ಹೊಸ ಪ್ರೋಗ್ರಾಂ ಫೈಲಾಗಿ ಬರೆದರು. ಬಳಸುವವರ ಕೈಗೆ ಹೋದದ್ದು ಈ ಎರಡನೆಯ ಫೈಲು. ಅದು ಕಣ್ಣು ಬಿಡುವಾಗಲೇ ಎಲ್ಲವನ್ನೂ ಓದಿ ಮುಗಿಸಿರುತ್ತದೆ.

ಈ ಕೆಲಸ ಮಾಡುವ ಸಿ ಸಂಕೇತದ ಹೆಸರು ಅನ್‌ಎಕ್ಸೆಕ್. ಬರೆದವರು ಯೂಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದ ಸ್ಪೆನ್ಸರ್ ಡಬ್ಲ್ಯು. ಥಾಮಸ್. ಫೈಲಿನ ತಲೆಯಲ್ಲಿ ಅವರು ಹಾಕಿದ ತಾರೀಖು 1982ರ ಮಾರ್ಚ್ 2, ಮಂಗಳವಾರ. ಗ್ನೂ ಈಮ್ಯಾಕ್ಸ್ ಹೊರಬರುವುದಕ್ಕಿಂತ ಮೂರು ವರ್ಷ ಹಿಂದಿನದು, ಗಮನಿಸಿ. ಕೆಲಸದ ಬಗೆ ಸರಳ. ಹಳೆಯ ಫೈಲಿನಿಂದ ಆದೇಶಗಳ ಭಾಗವನ್ನು ನಕಲು ಮಾಡು. ಡೇಟಾ, ಬಿಎಸ್‌ಎಸ್, ಹೀಪ್ ಮೂರರ ಈಗಿನ ಬೆಲೆಗಳನ್ನು ಒಟ್ಟಿಗೆ ಸೇರಿಸಿ ‘ಇದೇ ಡೇಟಾ’ ಎಂದು ಬರೆ. ಹೆಡರಿನಲ್ಲಿ ಅಳತೆಗಳನ್ನು ತಿದ್ದು. ಅಷ್ಟೇ. ಸೊನ್ನೆ ಎಂದು ಬರೆದಿದ್ದ ಜಾಗದಲ್ಲಿ ಈಗ ಓದಿ ಕಲಿತದ್ದೆಲ್ಲ ತುಂಬಿಕೊಂಡಿರುತ್ತದೆ.

ಸ್ಟ್ಯಾಕನ್ನು ಮಾತ್ರ ಉಳಿಸುವುದಿಲ್ಲ. ಪ್ರೊಸೆಸರಿನ ರಿಜಿಸ್ಟರುಗಳನ್ನೂ ಇಲ್ಲ. ಹಾಗಾಗಿ ಹೊಸ ಫೈಲು ಓಡಿದಾಗ, ನಿಂತ ಜಾಗದಿಂದ ಮುಂದುವರಿಯದೆ ಎಲ್ಲ ಪ್ರೋಗ್ರಾಮುಗಳಂತೆ ಮೊದಲ ಸಾಲಿನಿಂದಲೇ ಶುರುವಾಗುತ್ತದೆ. ಹಾಗಾದರೆ ಲಿಸ್ಪ್ ಫೈಲುಗಳನ್ನು ಮತ್ತೆ ಓದಲು ಹೊರಡುವುದಿಲ್ಲವೇ? ಇಲ್ಲಿದೆ ನನಗೆ ಬಹಳ ಹಿಡಿಸಿದ ಚಮತ್ಕಾರ. ಒಳಗೆ ‘ಇನಿಷಿಯಲೈಸ್ಡ್’ ಎಂಬ ಪುಟ್ಟ ವೇರಿಯೇಬಲ್ ಇದೆ. ಮೊದಲ ಸಲ ಅದು ಸೊನ್ನೆ. ಸಿದ್ಧತೆ ಮುಗಿದ ಮೇಲೆ ಅದನ್ನು ಒಂದು ಮಾಡಲಾಗುತ್ತದೆ, ಆಮೇಲೆ ಡಂಪ್. ಆ ಒಂದು ಎಂಬ ಅಂಕಿಯೂ ಉಳಿದ ಮೆಮೊರಿಯ ಜೊತೆ ಫೈಲಿಗೆ ಹೋಗಿ ಕೂತಿರುತ್ತದೆ. ಎರಡನೆಯ ಜನ್ಮದಲ್ಲಿ ಪ್ರೋಗ್ರಾಂ ಮೊದಲ ಸಾಲಿಗೇ ‘ಇದು ಸೊನ್ನೆಯೇ?’ ಎಂದು ಕೇಳಿಕೊಳ್ಳುತ್ತದೆ. ಅಲ್ಲ. ಹಾಗಾದರೆ ಸಿದ್ಧತೆಯನ್ನು ಬಿಟ್ಟು ನೇರ ಕೆಲಸಕ್ಕೆ. ಸಿ ಸಂಕೇತದಲ್ಲಿ ಆ ವೇರಿಯೇಬಲ್ಲನ್ನು ಘೋಷಿಸುವಾಗ ಯಾರೂ ಬೆಲೆ ಕೊಟ್ಟಿಲ್ಲ, ಆದರೂ ಪ್ರೋಗ್ರಾಂ ಶುರುವಾಗುವ ಮೊದಲೇ ಅದಕ್ಕೆ ಬೆಲೆ ಬಂದುಬಿಟ್ಟಿದೆ. ಸಿ ಪಾಠ ಹೇಳುವವರು ಪರೀಕ್ಷೆಯಲ್ಲಿ ಕೇಳಬಹುದಾದ ತುಂಟ ಪ್ರಶ್ನೆ ಇದು.

ಇನ್ನು ಕನ್ನಡ. ಡಂಪ್ ಮಾಡುವ ಮೊದಲು ಯಾವ ಯಾವ ಲಿಸ್ಪ್ ಫೈಲುಗಳನ್ನು ಓದಬೇಕು ಎಂಬುದಕ್ಕೆ ಈಮ್ಯಾಕ್ಸ್‌ನಲ್ಲಿ ಒಂದು ಪಟ್ಟಿ ಇದೆ, ಲೋಡಪ್ ಎಂದು ಅದರ ಹೆಸರು. ಆ ಪಟ್ಟಿಯಲ್ಲಿ ಚೀನೀ, ಜಪಾನೀ, ಗ್ರೀಕ್, ಹೀಬ್ರೂಗಳ ಜೊತೆ ಭಾರತೀಯ ಭಾಷೆಗಳ ಫೈಲೂ ಒಂದು. ದೇವನಾಗರಿ, ಬಂಗಾಳಿ, ತಮಿಳು, ತೆಲುಗು ಇವುಗಳ ನಡುವೆ ಅದರೊಳಗೆ ಕನ್ನಡಕ್ಕೊಂದು ನಮೂದಿದೆ: ಅಕ್ಷರಗಳು ಯೂನಿಕೋಡಿನವು, ಫೈಲಿಗೆ ಬರೆಯುವ ಕ್ರಮ ಯುಟಿಎಫ್-8, ಕೀಲಿ ಒತ್ತುವ ಕ್ರಮ ‘ಕನ್ನಡ-ಐಟ್ರಾನ್ಸ್’, ಮಾದರಿಗೆ ಒಂದು ಮಾತು, ‘ನಮಸ್ಕಾರ’. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಎಲ್ಲೆಲ್ಲಿ ಕೂಡಿಸಿ ಒಂದೇ ಆಕಾರವಾಗಿ ತೋರಿಸಬೇಕು ಎಂಬ ನಿಯಮವೂ ಅಲ್ಲೇ. ಕ, ವಿರಾಮ, ಷ ಎಂಬ ಮೂರು ಸಂಕೇತಗಳು ಸಾಲಾಗಿ ಬಂದರೆ ಕ್ಷ ಎಂಬ ಒಂದು ರೂಪ ಕಾಣಬೇಕೆಂದು ತಂತ್ರಾಂಶಕ್ಕೆ ತಿಳಿಯುವುದು ಇಂಥ ನಿಯಮಗಳಿಂದ.

ಹಾಗಾಗಿ ಧಾರವಾಡದ ವಿದ್ಯಾರ್ಥಿಯೊಬ್ಬಳು ಈಮ್ಯಾಕ್ಸ್ ತೆರೆದಾಗ ಕನ್ನಡ ಎಲ್ಲಿಂದಲೋ ಕರೆಸಿಕೊಂಡು ಬರುವ ಅತಿಥಿಯಲ್ಲ, ಆ ಮೆಮೊರಿಯಲ್ಲಿ ಹುಟ್ಟಿನಿಂದಲೇ ಇದೆ. ಅಳತೆ ಹಾಕಿಯೂ ನೋಡಬಹುದು. ‘ನಮಸ್ಕಾರ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ನ, ಮ, ಸ, ವಿರಾಮ, ಕ, ದೀರ್ಘ, ರ ಎಂದು ಏಳು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಒಟ್ಟು 21 ಬೈಟ್. ಈಮ್ಯಾಕ್ಸ್ ಒಳಗೂ ಅಕ್ಷರಗಳನ್ನು ಇದೇ ಕ್ರಮದಲ್ಲಿ ಇಟ್ಟುಕೊಳ್ಳುವುದರಿಂದ, ಡಂಪ್ ಆದ ಆ ಬೈಟುಗಳ ರಾಶಿಯಲ್ಲಿ ಈ 21 ಸಾಲಾಗಿ ಮಲಗಿವೆ. ಲಿನಕ್ಸ್‌ನ ಗ್ರೆಪ್ ಆದೇಶಕ್ಕೆ ಕನ್ನಡದಲ್ಲೇ ‘ನಮಸ್ಕಾರ’ ಎಂದು ಕೊಟ್ಟು ಡಂಪ್ ಆದ ಫೈಲಿನಲ್ಲಿ ಹುಡುಕಿಸಿ ನೋಡ್ರಿ. ಕೀಲಿಗಳ ಪೂರ್ತಿ ಕೋಷ್ಟಕ ಮಾತ್ರ ಅಲ್ಲಿಲ್ಲ. ನೀವು ಕನ್ನಡದಲ್ಲಿ ಒತ್ತಲು ಹೊರಟಾಗಲೇ ಅದನ್ನು ಡಿಸ್ಕಿನಿಂದ ಓದಿಕೊಳ್ಳುತ್ತದೆ. ಯಾವುದನ್ನು ಮೊದಲೇ ಹೊತ್ತಿರಬೇಕು, ಯಾವುದು ಕೇಳಿದಾಗ ಬಂದರೆ ಸಾಕು ಎಂಬ ಲೆಕ್ಕಾಚಾರ ಕನ್ನಡಕ್ಕೂ ತಪ್ಪಿಲ್ಲ, ಇಂಗ್ಲಿಷಿಗೂ ತಪ್ಪಿಲ್ಲ.

ಇಷ್ಟು ಒಳ್ಳೆಯ ಉಪಾಯಕ್ಕೆ ಕಷ್ಟ ಬಂದದ್ದು ಎಲ್ಲಿಂದ? ವಿಳಾಸಗಳಿಂದ. ಲಿಸ್ಪ್ ಮೆಮೊರಿ ಎಂದರೆ ಪಾಯಿಂಟರುಗಳ ಬಲೆ: ಈ ಪಟ್ಟಿಯ ಮುಂದಿನ ತುಂಡು ಮೆಮೊರಿಯ ಇಂಥ ವಿಳಾಸದಲ್ಲಿದೆ, ಅದರ ಮುಂದಿನದು ಇನ್ನೊಂದು ವಿಳಾಸದಲ್ಲಿದೆ. ಅನ್‌ಎಕ್ಸೆಕ್ ಅವುಗಳನ್ನು ಇದ್ದ ಹಾಗೆ ಅಚ್ಚೊತ್ತುತ್ತದೆ. ಮರಳಿ ತಂದಾಗ ಪ್ರತಿಯೊಂದೂ ಅದೇ ವಿಳಾಸದಲ್ಲಿ ಕೂತರೆ ಸರಿ, ಒಂದು ಬೈಟ್ ಸರಿದರೂ ಬಲೆಯೆಲ್ಲ ಹರಿಯಿತು. 1982ರಲ್ಲಿ ಇದು ತೊಂದರೆಯೇ ಆಗಿರಲಿಲ್ಲ, ಪ್ರೋಗ್ರಾಮಿನ ಭಾಗಗಳು ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುತ್ತಿದ್ದವು. ಮುಂದೆ ಕಳ್ಳರ ಕಾಲ ಬಂತು. ಯಾವ ಭಾಗ ಎಲ್ಲಿದೆ ಎಂದು ಹೊರಗಿನ ದಾಳಿಕೋರ ಮೊದಲೇ ಊಹಿಸಬಾರದು ಎಂದು ಆಪರೇಟಿಂಗ್ ಸಿಸ್ಟಂಗಳು ಪ್ರತಿ ಓಟದಲ್ಲೂ ವಿಳಾಸಗಳನ್ನು ಕಲಸತೊಡಗಿದವು. ಎಎಸ್‌ಎಲ್‌ಆರ್ ಎಂದು ಇದನ್ನು ಕರೆಯುತ್ತಾರೆ. ಎಲ್ಲರ ರಕ್ಷಣೆಗೆ ಬಂದದ್ದು ಈಮ್ಯಾಕ್ಸ್‌ಗೆ ಮುಳುವಾಯಿತು. ಡಂಪ್ ಮಾಡುವ ಹೊತ್ತಿಗೆ ‘ದಯವಿಟ್ಟು ಕಲಸಬೇಡ’ ಎಂದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ಲಿಗೆ ಕೇಳಿಕೊಂಡು ಟೆಮ್ಯಾಕ್ಸನ್ನು ಓಡಿಸಬೇಕಾಯಿತು. ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಬಂದ ಮೇಲೆ ಅದರ ಕಾವಲು ಈ ಕೋರಿಕೆಯನ್ನೂ ತಡೆಯಿತು. ಡಾಕರ್ ಒಳಗೆ ಈಮ್ಯಾಕ್ಸ್ ಕಟ್ಟಲು ಹೋದವರು ಕಾವಲನ್ನೇ ಸಡಿಲಿಸಬೇಕಾದ ಪರಿಸ್ಥಿತಿ.

ಎರಡನೆಯ ಕಷ್ಟ ಮ್ಯಾಲಕ್‌ನದು. ಹೀಪ್‌ನಲ್ಲಿ ಯಾವ ತುಂಡು ಖಾಲಿ, ಯಾವುದು ಬಳಕೆಯಲ್ಲಿದೆ ಎಂದು ಲೆಕ್ಕ ಇಡುವುದು ಮ್ಯಾಲಕ್. ಅದು ಇರುವುದು ಜಿಲಿಬ್‌ಸಿ ಎಂಬ ಹಂಚಿಕೆಯ ಲೈಬ್ರರಿಯಲ್ಲಿ. ಈಮ್ಯಾಕ್ಸ್ ತನ್ನ ಹೀಪನ್ನು ಅಚ್ಚೊತ್ತಿದರೂ, ಮುಂದಿನ ಓಟದಲ್ಲಿ ಲೈಬ್ರರಿಗೆ ಆ ಹಳೆಯ ಲೆಕ್ಕ ಗೊತ್ತಿರಬೇಕಲ್ಲ? ಅದಕ್ಕೆಂದೇ ಜಿಲಿಬ್‌ಸಿಯವರು ಎರಡು ಫಂಕ್ಷನ್ ಇಟ್ಟಿದ್ದರು, ಲೆಕ್ಕವನ್ನು ಹೊರಗೆ ಕೊಡಲು ಒಂದು, ಒಳಗೆ ತಗೊಳ್ಳಲು ಒಂದು. ಅವರಿಗೆ ತಿಳಿದ ಮಟ್ಟಿಗೆ ಈಮ್ಯಾಕ್ಸ್ ಬಿಟ್ಟು ಬೇರೆ ಯಾರೂ ಅವನ್ನು ಮುಟ್ಟುತ್ತಿರಲಿಲ್ಲ. ಒಬ್ಬರ ಸಲುವಾಗಿ ಮ್ಯಾಲಕ್‌ನ ಒಳ ರಚನೆಯನ್ನು ಎಷ್ಟು ಕಾಲ ಕಟ್ಟಿಹಾಕುವುದು? 2016ರಲ್ಲಿ ಅವನ್ನು ತೆಗೆಯುವ ಮಾತು ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ನನ್ನ ಮಟ್ಟಿಗೆ ಜಿಲಿಬ್‌ಸಿಯವರ ಮಾತೇ ಸರಿ. ಈಮ್ಯಾಕ್ಸ್‌ನವರೂ ಕೊನೆಗೆ ಜಗಳಕ್ಕಿಂತ ದುರಸ್ತಿಯೇ ಮೇಲು ಎಂಬಲ್ಲಿಗೆ ಬಂದರು.

ದುರಸ್ತಿ ಹೇಗಾಯಿತು ಎಂದು ಹೇಳುವ ಮೊದಲು ಡೊನಾಲ್ಡ್ ಕನೂತ್ ಅವರನ್ನು ಕರೆಯಬೇಕು. ಗಣಿತದ ಪ್ರಬಂಧ ಬರೆಯುವವರಿಗೆಲ್ಲ ಗೊತ್ತಿರುವ ಟೆಕ್ ಅಕ್ಷರಜೋಡಣೆ ತಂತ್ರಾಂಶ ಅವರದು. ಟೆಕ್‌ಗೂ ಇದೇ ತೊಡಕಿತ್ತು: ಮೂಲ ಮ್ಯಾಕ್ರೋಗಳು, ಅಕ್ಷರದ ಅಳತೆಗಳು, ಪದ ಮುರಿಯುವ ನಿಯಮಗಳು, ಇವನ್ನೆಲ್ಲ ಪ್ರತಿ ಸಲ ಓದುತ್ತ ಕೂರುವುದು ಆಗದ ಮಾತು. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಟೆಕ್ ಬಳಸುವವರು ಅನ್‌ಡಂಪ್ ಎಂಬ ಉಪಕರಣ ಇಟ್ಟುಕೊಂಡಿದ್ದರು. ಓಡುತ್ತಿರುವ ಟೆಕ್ ಅನ್ನು ಬೇಕೆಂದೇ ಕೊಂದು, ಬಂದ ಕೋರ್ ಫೈಲನ್ನೂ ಮೂಲ ಪ್ರೋಗ್ರಾಮನ್ನೂ ಬೆಸೆದು ಹೊಸ ಪ್ರೋಗ್ರಾಂ ಮಾಡುವ ಉಪಕರಣ ಅದು. ಆದರೆ ಕನೂತ್ ಅದನ್ನು ನೆಚ್ಚಿಕೊಂಡಿರಲಿಲ್ಲ. ಟೆಕ್‌ನ ಒಳಗಿನ ಸಾಮಾನು ಹೆಚ್ಚಾಗಿ ‘ಮೆಮ್’ ಎಂಬ ಒಂದು ದೊಡ್ಡ ಅರೇಯಲ್ಲಿ ಇರುತ್ತದೆ. ಒಂದು ತುಂಡು ಇನ್ನೊಂದನ್ನು ತೋರಿಸಲು ವಿಳಾಸವನ್ನು ಬಳಸುವುದೇ ಇಲ್ಲ, ಆ ಅರೇಯಲ್ಲಿ ಎಷ್ಟನೆಯದು ಎಂಬ ಕ್ರಮಸಂಖ್ಯೆಯನ್ನು ಬಳಸುತ್ತದೆ. ಅರೇ ಮೆಮೊರಿಯಲ್ಲಿ ಎಲ್ಲೇ ಕೂರಲಿ, ಐನೂರನೆಯದು ಐನೂರನೆಯದೇ. ಹಾಗಾಗಿ ಫಾರ್ಮ್ಯಾಟ್ ಎಂಬ ಫೈಲಿಗೆ ಇಂಥ ಅರೇಗಳನ್ನು ಬರೆದಿಟ್ಟು, ಮತ್ತೆ ಓದಿಕೊಂಡರೆ ಮುಗಿಯಿತು. ಯಂತ್ರಗಳು ಚುರುಕಾದಂತೆ ಅನ್‌ಡಂಪ್ ಮೂಲೆಗೆ ಬಿತ್ತು, ಫಾರ್ಮ್ಯಾಟ್ ಫೈಲು ಉಳಿಯಿತು. ಇವತ್ತು ಟೆಕ್ ಮೇಲೆ ನಿಂತ ಲೇಟೆಕ್‌ನಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಹುಡುಗಿಯ ಆದೇಶ ಮೊದಲು ಎತ್ತಿಕೊಳ್ಳುವುದೂ ಅಂಥದ್ದೇ ಫೈಲನ್ನು.

ಈಮ್ಯಾಕ್ಸ್‌ನವರು ಬಳಸು ದಾರಿಯಲ್ಲಿ ಕೊನೆಗೆ ಇದರ ಸಮೀಪಕ್ಕೇ ಬಂದರು. ಲಿಸ್ಪ್ ಸ್ಥಿತಿಯನ್ನೆಲ್ಲ ಒಂದು ಭಾರಿ ಲಿಸ್ಪ್ ಫೈಲಾಗಿ ಬರೆದು ಪ್ರತಿ ಸಲ ಓದೋಣ ಎಂದವರಿದ್ದರು, ಅದು ನಿಧಾನವಾಯಿತು. ಗೆದ್ದದ್ದು ಡೇನಿಯಲ್ ಕೊಲಾಸಿಯೋನ್ ಬರೆದ ಪೋರ್ಟೆಬಲ್ ಡಂಪರ್. ಅದು ಪ್ರೋಗ್ರಾಂ ಫೈಲಿನ ತಂಟೆಗೇ ಹೋಗುವುದಿಲ್ಲ. ಲಿಸ್ಪ್ ವಸ್ತುಗಳನ್ನಷ್ಟೇ ಒಂದು ಪ್ರತ್ಯೇಕ ಫೈಲಿಗೆ ಬರೆಯುತ್ತದೆ, ಜೊತೆಗೆ ಯಾವ ಯಾವ ಸ್ಥಾನದಲ್ಲಿ ಪಾಯಿಂಟರ್ ಇದೆ ಎಂಬ ಪಟ್ಟಿಯನ್ನೂ. ಶುರುವಾಗುವಾಗ ಆ ಫೈಲನ್ನು ಮೆಮೊರಿಗೆ ತಂದು, ಅದು ಎಲ್ಲಿ ಕೂತಿತೋ ಅದಕ್ಕೆ ತಕ್ಕಂತೆ ಪಾಯಿಂಟರುಗಳನ್ನು ತಿದ್ದಿಕೊಳ್ಳುತ್ತದೆ. ಪ್ರೋಗ್ರಾಮಿಗೂ ಈ ಫೈಲಿಗೂ ಒಂದು ಗುರುತಿನ ಸಂಖ್ಯೆ ಹೊಂದಬೇಕು. ಬೇರೆ ಈಮ್ಯಾಕ್ಸ್‌ನ ಫೈಲನ್ನು ತಂದಿಟ್ಟರೆ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಇದು ಮುಖ್ಯ ಸಂಕೇತಕ್ಕೆ ಸೇರಿತು, 2020ರ ಆಗಸ್ಟ್‌ನ 27.1ನೇ ಆವೃತ್ತಿಯಲ್ಲಿ ಜನರಿಗೆ ಸಿಕ್ಕಿತು. ಅದೇ ಆವೃತ್ತಿಯಲ್ಲಿ ಅಕ್ಷರರೂಪ ಕೂಡಿಸಲು ಹಾರ್ಫ್‌ಬಜ್ ಎಂಬ ಎಂಜಿನ್ ಬಂದದ್ದು ಕನ್ನಡದ ಒತ್ತಕ್ಷರಗಳಿಗೆ ಇನ್ನೂ ದೊಡ್ಡ ಲಾಭ. ಹಳೆಯ ಅನ್‌ಎಕ್ಸೆಕ್ ಸಂಕೇತವನ್ನು 2024ರ ಡಿಸೆಂಬರ್‌ನಲ್ಲಿ ಅಳಿಸಿದರು. ಪ್ರತಿ ಬಗೆಯ ಯಂತ್ರಕ್ಕೂ ಒಂದೊಂದು ಬೇರೆ ಅನ್‌ಎಕ್ಸೆಕ್ ಫೈಲು ಕಾಯ್ದುಕೊಂಡು ಬಂದವರ ತಾಳ್ಮೆಗೆ ಶರಣು ಅನ್ನಬೇಕು.

ಇದೆಲ್ಲ ಪ್ರೋಗ್ರಾಂ ಬರೆಯುವವರ ಮನೆವಾರ್ತೆ, ನಮಗೇನು ಎಂದು ನೀವು ಕೇಳಬಹುದು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಜೈಗೋಟ್ ಎಂಬ ಪ್ರಕ್ರಿಯೆ ಓಡುತ್ತಿರುತ್ತದೆ. ಫೋನ್ ಹೊತ್ತಿಕೊಂಡಾಗ ಎಲ್ಲ ಆ್ಯಪ್‌ಗಳಿಗೂ ಬೇಕಾದ ಸಾಮಾನನ್ನು ಒಮ್ಮೆ ಮೆಮೊರಿಗೆ ತಂದಿಟ್ಟುಕೊಂಡು, ನೀವು ಆ್ಯಪ್ ಒತ್ತಿದಾಗ ತನ್ನದೇ ಪ್ರತಿಯೊಂದನ್ನು ಕವಲೊಡೆಸುತ್ತದೆ. ಫೈಲಿಗೆ ಬರೆಯುವುದಿಲ್ಲ ಎಂಬುದು ಬಿಟ್ಟರೆ ಮಿತವ್ಯಯದ ಲೆಕ್ಕ ಅದೇ. ಕ್ರೋಮ್ ಬ್ರೌಸರಿನ ಜಾವಾಸ್ಕ್ರಿಪ್ಟ್ ಎಂಜಿನ್ ಮಾತ್ರ ಫೈಲಿಗೇ ಬರೆದಿಟ್ಟ ಮೆಮೊರಿಯಿಂದ ಶುರುವಾಗುತ್ತದೆ. ಕರೆಂಟ್ ಯಾವಾಗ ಹೋದೀತೋ ಎನ್ನುವ ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಹೈಬರ್ನೇಟ್ ಮಾಡುತ್ತೇವಲ್ಲ, ಅದು ಇಡೀ ಯಂತ್ರದ ಡಂಪ್. ಸ್ಟ್ಯಾಕ್, ರಿಜಿಸ್ಟರ್ ಎಲ್ಲ ಸೇರಿ ಡಿಸ್ಕಿಗೆ ಹೋಗುವುದರಿಂದ ಅಲ್ಲಿ ಮಾತ್ರ ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ಒಂದು ಎಚ್ಚರಿಕೆ. ಮೆಮೊರಿ ಉಳಿಸಿದಾಗ ಬೇಡದ್ದೂ ಉಳಿಯುತ್ತದೆ. ಈಮ್ಯಾಕ್ಸ್ ಕಟ್ಟಿದ ಯಂತ್ರದ ಹೆಸರು, ಕಟ್ಟಿದ ಹೊತ್ತು ಅದರೊಳಗೆ ಹೋಗುತ್ತವೆ. ಬೇಡವೆಂದರೆ ಬಿಡಿಸಲು ಬೇರೆಯೇ ಒಂದು ಆಯ್ಕೆ ಕೊಡಬೇಕು. ಇದು ನಿರುಪದ್ರವಿ. ಆದರೆ ಕ್ಲೌಡ್‌ನಲ್ಲಿ ಒಂದು ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ಹತ್ತು ಯಂತ್ರ ಎಬ್ಬಿಸಿದರೆ, ಹತ್ತಕ್ಕೂ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಬೀಜ ಒಂದೇ ಆಗಿಬಿಡಬಹುದು. ಗುಟ್ಟಿನ ಕೀಲಿಗಳು ಹುಟ್ಟುವುದು ಆ ಸಂಖ್ಯೆಗಳಿಂದ. ಹತ್ತು ಮನೆಗೆ ಒಂದೇ ಕೀಲಿ ಆದಾಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸ್ನ್ಯಾಪ್‌ಶಾಟಿನಿಂದ ಎದ್ದ ಕೂಡಲೇ ಬೀಜವನ್ನು ಹೊಸದಾಗಿ ಹಾಕಿಕೊಳ್ಳುವ ಏರ್ಪಾಡು ಇರಲೇಬೇಕು.

ಕಂಪ್ಯೂಟರ್ ಓದುತ್ತಿರುವ ಹುಡುಗ-ಹುಡುಗಿಯರು ಈ ಮಾತು ಕೇಳುತ್ತಿದ್ದರೆ ಕೈಯಾರೆ ಮಾಡಿ ನೋಡಲು ಒಂದು ದಾರಿ ಇದೆ. ಲಿನಕ್ಸ್‌ನಲ್ಲಿ ಎಸ್‌ಬಿಸಿಎಲ್ ಎಂಬ ಉಚಿತ ಕಾಮನ್ ಲಿಸ್ಪ್ ಹಾಕಿಕೊಳ್ಳಿ. ಒಂದು ಪುಟ್ಟ ಫಂಕ್ಷನ್ ಬರೆಯಿರಿ, ಕನ್ನಡದ ಹತ್ತಿಪ್ಪತ್ತು ಊರಿನ ಹೆಸರುಗಳನ್ನು ಒಂದು ಪಟ್ಟಿಗೆ ಹಾಕಿ. ಆಮೇಲೆ ‘ಸೇವ್-ಲಿಸ್ಪ್-ಅಂಡ್-ಡೈ’ ಎಂಬ ಆದೇಶ ಕೊಡಿ. ಉಳಿಸಿ ಸಾಯಿ ಎಂದು ಇಷ್ಟು ನೇರವಾಗಿ ಹೆಸರಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಕ್ಸಿಕ್ಯೂಟೆಬಲ್ ಬೇಕು ಎಂದು ಅದಕ್ಕೆ ತಿಳಿಸಬೇಕು. ಒಂದಕ್ಕಿಂತ ಹೆಚ್ಚು ಥ್ರೆಡ್ ಓಡುತ್ತಿದ್ದರೆ ಅದು ಕ್ಯಾತೆ ತೆಗೆಯುತ್ತದೆ, ತೆರೆದಿಟ್ಟ ಫೈಲುಗಳನ್ನು ಮುಚ್ಚಿಬಿಟ್ಟರೆ ಒಳ್ಳೆಯದು. ಲಿಸ್ಪ್ ನಿಲ್ಲುತ್ತದೆ, ಡಿಸ್ಕಿನಲ್ಲಿ ಹೊಸ ಪ್ರೋಗ್ರಾಂ ಇರುತ್ತದೆ, ಓಡಿಸಿದರೆ ನಿಮ್ಮ ಊರುಗಳ ಪಟ್ಟಿ ಅದರಲ್ಲಿ ಹಾಗೇ ಇರುತ್ತದೆ. ನಾಲ್ಕು ಸಾಲಿನ ಪ್ರೋಗ್ರಾಮಿಗೆ 30-40 ಮೆಗಾಬೈಟಿನ ಫೈಲು ಬಂತಲ್ಲ ಎಂದು ಗಾಬರಿ ಬ್ಯಾಡ. ಅದರೊಳಗೆ ಇಡೀ ಲಿಸ್ಪ್ ವ್ಯವಸ್ಥೆ, ಅದರ ಕಂಪೈಲರ್ ಸಮೇತ, ಇದೆ.